ಪ್ರೋಷಧೋಪವಾಸದ 48 ಗಂಟೆಗಳಲ್ಲಿ ಶರೀರದ ವ್ಯಾಪಾರ

ಜೀವವು ಬೇರೆ, ಶರೀರವು ಬೇರೆ ಎಂಬುದು ಜೈನ ಗೃಹಗಳಲ್ಲಿ ಮಕ್ಕಳೂ ಬಲ್ಲ ಪಾಠವಾಗಿದೆ. ಆದರೆ ಹೀಗೆ ಬೇರೆಯಾದ ಶರೀರದ ಒಳಗೆ ಏನು ನಡೆಯುತ್ತದೆ ಎಂಬುದನ್ನು ಅರಿತವರು ವಿರಳ. ವ್ರತವನ್ನು ಸಂಕಲ್ಪಿಸುವುದು ಜೀವ. ಅದಕ್ಕೆ ಸಾಧನವಾಗಿ ನಿಲ್ಲುವುದು ಈ ಔದಾರಿಕ ಶರೀರ. ಷೋಡಶಕಾರಣ ಭಾವನೆಗಳಲ್ಲಿ ತಪಸ್ಸನ್ನು ಶಕ್ತಿಗೆ ತಕ್ಕಂತೆ ಆಚರಿಸಬೇಕೆಂದೇ ವಿಧಿಸಿದೆ. ತನ್ನ ಶಕ್ತಿ ಎಷ್ಟೆಂದು ತಿಳಿಯಬೇಕಾದವನು ಶರೀರದ ರಚನೆಯನ್ನೂ ಅದರ ವ್ಯಾಪಾರವನ್ನೂ ಸ್ವಲ್ಪಮಟ್ಟಿಗಾದರೂ ತಿಳಿದಿರತಕ್ಕದ್ದು. ಸಪ್ತಮಿಯ ಮಧ್ಯಾಹ್ನದ ಏಕಭುಕ್ತದಿಂದ ನವಮಿಯ ಮಧ್ಯಾಹ್ನದ ಪಾರಣೆಯವರೆಗೆ 16 ಪ್ರಹರಗಳು, ಎಂದರೆ 48 ಗಂಟೆಗಳು. ಈ ಅವಧಿಯಲ್ಲಿ ಯಾವ ಅಂಗವು ಯಾವ ಕೆಲಸ ಮಾಡುತ್ತದೆಂಬುದನ್ನು ಮುಂದೆ ಕ್ರಮವಾಗಿ ವಿವರಿಸಿದೆ.

ಅನ್ನದ ದಾರಿ

ಸಪ್ತಮಿಯಂದು ಉಂಡ ಅನ್ನ, ತೊವ್ವೆ, ತುಪ್ಪಗಳು ಬಾಯಲ್ಲಿ ಜೊಲ್ಲಿನೊಡನೆ ಬೆರೆತು, ಅನ್ನನಾಳದ ಮೂಲಕ ಜಠರವನ್ನು ಸೇರುತ್ತವೆ. ಅಲ್ಲಿ ಆಮ್ಲದೊಡನೆ ಕಡೆಯಲ್ಪಟ್ಟು, ಸುಮಾರು 2ರಿಂದ 4 ಗಂಟೆಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಸಣ್ಣ ಕರುಳಿಗೆ ಇಳಿಯುತ್ತವೆ. ಸಣ್ಣ ಕರುಳು ಸುಮಾರು 6 ಮೀಟರ್ ಉದ್ದದ ಕೊಳವೆ. ಪಿತ್ತರಸವೂ ಮೇದೋಜ್ಜೀರಕ ಗ್ರಂಥಿಯ ರಸವೂ ಇಲ್ಲಿ ಬಂದು ಕೂಡುತ್ತವೆ. ಇಲ್ಲಿ ಅನ್ನದ ಪಿಷ್ಟವು ಗ್ಲೂಕೋಸ್ ಎಂಬ ಸಕ್ಕರೆಯಾಗಿಯೂ, ಬೇಳೆಯ ಸಸಾರಜನಕವು ಅಮೈನೋ ಆಮ್ಲಗಳಾಗಿಯೂ, ತುಪ್ಪದ ಮೇದಸ್ಸು ಸೂಕ್ಷ್ಮ ಕಣಗಳಾಗಿಯೂ ಒಡೆದು ಕರುಳಿನ ಗೋಡೆಯ ಮೂಲಕ ಒಳಸೇರುತ್ತವೆ. ಸಕ್ಕರೆಯೂ ಅಮೈನೋ ಆಮ್ಲಗಳೂ ರಕ್ತದೊಡನೆ ಮೊದಲು ಯಕೃತ್ತಿಗೆ ಹೋಗುತ್ತವೆ. ಮೇದಸ್ಸಿನ ಬಹುಭಾಗವು ಬೇರೊಂದು ನಾಳದಲ್ಲಿ ಸಾಗಿ ಕೊನೆಗೆ ರಕ್ತವನ್ನು ಸೇರುತ್ತದೆ.

ಯಕೃತ್ತೆಂಬ ಕಣಜ

ಯಕೃತ್ತು ಬಲಗಡೆಯ ಪಕ್ಕೆಲುಬುಗಳ ಮರೆಯಲ್ಲಿರುವ, ಸುಮಾರು ಒಂದೂವರೆ ಕಿಲೋ ತೂಕದ ಅಂಗ. ಸುಗ್ಗಿಯಲ್ಲಿ ಕಣಜ ತುಂಬಿಸಿ ಮಳೆಗಾಲಕ್ಕೆ ತೆಗೆಯುವ ಗೃಹಸ್ಥನಂತೆ, ಊಟದ ನಂತರ ಹೆಚ್ಚಾದ ಸಕ್ಕರೆಯನ್ನು ಇದು ಗ್ಲೈಕೋಜನ್ ಎಂಬ ರೂಪದಲ್ಲಿ ಕೂಡಿಡುತ್ತದೆ. ಈ ವಸ್ತುವನ್ನು ಫ್ರಾನ್ಸಿನ ವಿಜ್ಞಾನಿ ಕ್ಲಾಡ್ ಬರ್ನಾರ್ಡ್ 1857ರಲ್ಲಿ ಬೇರ್ಪಡಿಸಿ ತೋರಿಸಿದನು. ಯಕೃತ್ತಿನ ಕಣಜದಲ್ಲಿ ಹಿಡಿಯುವುದು ಸುಮಾರು 100 ಗ್ರಾಂ ಮಾತ್ರ. ಸ್ನಾಯುಗಳಲ್ಲಿ ಇದಕ್ಕಿಂತ ಹೆಚ್ಚು ಸಂಗ್ರಹವಿದ್ದರೂ ಅದು ಆಯಾ ಸ್ನಾಯುವಿನ ಸ್ವಂತ ಉಪಯೋಗಕ್ಕೇ ಹೊರತು ರಕ್ತಕ್ಕೆ ಸಕ್ಕರೆಯಾಗಿ ಮರಳದು.

ಕಣಜದ ಬಾಗಿಲನ್ನು ಕಾಯುವುದು ಮೇದೋಜ್ಜೀರಕ ಗ್ರಂಥಿ. ಉಂಡ ಮೇಲೆ ಅದು ಇನ್ಸುಲಿನನ್ನು ಹೆಚ್ಚಾಗಿ ಸುರಿಸುತ್ತದೆ. ಆಗ ಸಕ್ಕರೆ ದಾಸ್ತಾನಾಗುತ್ತದೆ. ಹಸಿದಾಗ ಇನ್ಸುಲಿನ್ ಇಳಿದು ಗ್ಲುಕಗಾನ್ ಏರುತ್ತದೆ. ಆಗ ದಾಸ್ತಾನು ಕರಗಿ ರಕ್ತಕ್ಕೆ ಬರುತ್ತದೆ. ಹೀಗೆ ಆರೋಗ್ಯವಂತನಲ್ಲಿ ಉಪವಾಸದ ಹೊತ್ತಿನಲ್ಲಿಯೂ ರಕ್ತದ ಸಕ್ಕರೆಯು ಸಾಮಾನ್ಯವಾಗಿ 100 ಮಿಲಿಲೀಟರಿಗೆ 70ರಿಂದ 100 ಮಿಲಿಗ್ರಾಂಗಳ ಆಸುಪಾಸಿನಲ್ಲಿ ನಿಲ್ಲುತ್ತದೆ. ಸಪ್ತಮಿಯ ರಾತ್ರಿ ವ್ರತಿಯು ನಿದ್ರಿಸುತ್ತಿರುವಾಗ ನಡೆಯುವ ಮುಖ್ಯ ವ್ಯಾಪಾರ ಇದೇ.

ಅಷ್ಟಮಿಯ ಹಗಲು ಮತ್ತು ಇರುಳು

ಮಿದುಳು ಶರೀರದ ತೂಕದಲ್ಲಿ ನೂರಕ್ಕೆ 2 ಪಾಲು ಮಾತ್ರ. ಆದರೆ ವಿಶ್ರಾಂತಿಯಲ್ಲಿ ಶರೀರವು ವ್ಯಯಿಸುವ ಶಕ್ತಿಯಲ್ಲಿ ಸುಮಾರು 20 ಪಾಲನ್ನು ಅದೊಂದೇ ಬಳಸುತ್ತದೆ. ದಿನಕ್ಕೆ ಸುಮಾರು 120 ಗ್ರಾಂ ಗ್ಲೂಕೋಸ್ ಅದಕ್ಕೆ ಬೇಕು. 100 ಗ್ರಾಮಿನ ಕಣಜವು ಹೆಚ್ಚು ಕಾಲ ಬಾರದೆಂಬುದು ಈ ಲೆಕ್ಕದಿಂದಲೇ ಸ್ಪಷ್ಟ. ಅಷ್ಟಮಿಯ ಮಧ್ಯಾಹ್ನದ ಹೊತ್ತಿಗೆ, ಎಂದರೆ ಸುಮಾರು 24 ಗಂಟೆಗಳಲ್ಲಿ, ಅದು ಬಹುಮಟ್ಟಿಗೆ ಬರಿದಾಗಿರುತ್ತದೆ.

ಆಗಲೂ ಶರೀರವು ಕೈಚೆಲ್ಲಿ ಕೂರುವುದಿಲ್ಲ. ಯಕೃತ್ತು ಅಮೈನೋ ಆಮ್ಲ ಮೊದಲಾದವುಗಳಿಂದ ಹೊಸದಾಗಿ ಸಕ್ಕರೆಯನ್ನು ತಯಾರಿಸುತ್ತದೆ. ಇದು ಹಿಂದಿನ ರಾತ್ರಿಯೇ ಮೊದಲಾಗಿ ಈಗ ಮುಖ್ಯವಾಗುತ್ತದೆ. ಇದಕ್ಕೆ ಬೇಕಾದ ಅಮೈನೋ ಆಮ್ಲಗಳು ಬಹುತೇಕ ಸ್ನಾಯುಗಳಿಂದ ಬರುತ್ತವೆ. ಜೊತೆಗೆ ಮೇದಸ್ಸಿನ ಭಂಡಾರವೂ ತೆರೆಯುತ್ತದೆ. ಒಂದು ಗ್ರಾಂ ಪಿಷ್ಟದಿಂದ 4 ಕ್ಯಾಲೊರಿ ದೊರೆತರೆ ಒಂದು ಗ್ರಾಂ ಮೇದಸ್ಸಿನಿಂದ 9 ದೊರೆಯುತ್ತದೆ. ಹೃದಯ ಮತ್ತು ಸ್ನಾಯುಗಳು ಮೇದಸ್ಸನ್ನೇ ಹೆಚ್ಚಾಗಿ ಉರಿಸಿ, ಸಕ್ಕರೆಯನ್ನು ಮಿದುಳಿಗೂ ಕೆಂಪು ರಕ್ತಕಣಗಳಿಗೂ ಬಿಟ್ಟುಕೊಡುತ್ತವೆ. ಯಕೃತ್ತು ಮೇದಸ್ಸಿನಿಂದ ಕೀಟೋನ್ ಎಂಬ ವಸ್ತುಗಳನ್ನೂ ತಯಾರಿಸುತ್ತದೆ. ಎರಡನೆಯ ದಿನ ಕೆಲವರ ಉಸಿರಿನಲ್ಲಿ ತೋರುವ ವಿಚಿತ್ರ ಸಿಹಿವಾಸನೆಗೆ ಇದೇ ಕಾರಣ. ದೀರ್ಘ ಉಪವಾಸದಲ್ಲಿ ಮಿದುಳಿಗೆ ಬೇಕಾದ ಶಕ್ತಿಯ ಹೆಚ್ಚಿನ ಪಾಲನ್ನು ಈ ಕೀಟೋನುಗಳೇ ಒದಗಿಸುತ್ತವೆಂದು ಅಮೆರಿಕದ ಜಾರ್ಜ್ ಕಾಹಿಲ್ ಮತ್ತು ಸಂಗಡಿಗರು 1967ರಲ್ಲಿ ತೋರಿಸಿದರು. ಇದರಿಂದ ಸ್ನಾಯುಗಳ ನಷ್ಟವೂ ಕಡಿಮೆಯಾಗುತ್ತದೆ.

ನೀರಿನ ಲೆಕ್ಕ

ಮೇದಸ್ಸಿನ ಭಂಡಾರ ದೊಡ್ಡದು. ನೀರಿಗೆ ಅಂತಹ ಭಂಡಾರವಿಲ್ಲ. 60 ಕಿಲೋ ತೂಕದ ಪುರುಷನ ಶರೀರದಲ್ಲಿ ಸುಮಾರು 36 ಲೀಟರ್ ನೀರಿದ್ದರೂ ಅದೆಲ್ಲವೂ ಕೆಲಸದಲ್ಲಿ ತೊಡಗಿರುವ ನೀರು. ಮೂತ್ರಪಿಂಡಗಳು ದಿನವೊಂದಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸಿ, ಒಂದೂವರೆ ಲೀಟರಿನಷ್ಟನ್ನು ಮಾತ್ರ ಹೊರಕ್ಕೆ ಬಿಟ್ಟು, ಉಳಿದುದನ್ನು ಮರಳಿ ಹೀರಿಕೊಳ್ಳುತ್ತವೆ. ನೀರು ಕುಡಿಯದಿದ್ದಾಗ ಮಿದುಳಿನ ತಳದ ಪಿಟ್ಯುಟರಿ ಗ್ರಂಥಿಯಿಂದ ಆಜ್ಞೆ ಬಂದು ಮೂತ್ರವು ಇನ್ನೂ ಮಿತವಾಗುತ್ತದೆ, ಬಣ್ಣ ಗಾಢವಾಗುತ್ತದೆ. ಆದರೂ ಮಲಿನ ವಸ್ತುಗಳನ್ನು ಹೊರಹಾಕಲು ದಿನಕ್ಕೆ ಸುಮಾರು ಅರ್ಧ ಲೀಟರ್ ಬೇಕೇ ಬೇಕು. ಉಸಿರು ಮತ್ತು ಚರ್ಮದಿಂದ ಕಾಣದಂತೆ ಹೋಗುವುದು ಇನ್ನೂ ಮುಕ್ಕಾಲು ಲೀಟರಿನಷ್ಟು. ಶರೀರದೊಳಗೆ ಆಹಾರಾಂಶಗಳು ಉರಿದು ಹುಟ್ಟುವ ಅಲ್ಪ ನೀರನ್ನು ಕಳೆದರೂ, ಚತುರ್ವಿಧ ಆಹಾರವನ್ನು ತ್ಯಜಿಸಿದ ವ್ರತಿಯು 48 ಗಂಟೆಗಳಲ್ಲಿ ಸುಮಾರು 2 ಲೀಟರ್ ನೀರನ್ನು ಕಳೆದುಕೊಳ್ಳುತ್ತಾನೆ.

ಬಿಸಿಲಿನಲ್ಲಿ ದುಡಿದರೆ ಬೆವರಿನಿಂದಲೇ ಗಂಟೆಗೆ ಒಂದು ಲೀಟರ್ ಹೋಗಬಹುದು. ಪ್ರೋಷಧದ ದಿನ ಆರಂಭಗಳನ್ನು ಬಿಟ್ಟು ಸ್ವಾಧ್ಯಾಯದಲ್ಲಿ ಕಾಲ ಕಳೆಯಬೇಕೆಂಬ ವಿಧಿಯು ಧರ್ಮದೃಷ್ಟಿಯಿಂದ ಹೇಳಿದ್ದು. ಶರೀರಕ್ಕೂ ಅದರಿಂದ ರಕ್ಷಣೆಯುಂಟು. ಉಪವಾಸವಿದ್ದ ಸೊಸೆಯಿಂದಲೇ ಅಡಿಗೆ, ಬಾವಿಯ ನೀರು, ಬಟ್ಟೆ ಒಗೆತಗಳನ್ನು ಎಂದಿನಂತೆ ಮಾಡಿಸುವ ಮನೆಗಳವರು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕು.

ಯಾರು ಎಚ್ಚರದಿಂದಿರಬೇಕು

ಮೇಲೆ ಹೇಳಿದ ಕ್ರಮವೆಲ್ಲ ಆರೋಗ್ಯವಂತರಿಗೆ ಅನ್ವಯಿಸುವುದು. ಮಧುಮೇಹಿಗಳಲ್ಲಿ ಕಣಜದ ಕಾವಲೇ ಕೆಟ್ಟಿರುತ್ತದೆ. ಇನ್ಸುಲಿನ್ ಚುಚ್ಚುಮದ್ದನ್ನೋ ಸಕ್ಕರೆ ಇಳಿಸುವ ಕೆಲವು ಮಾತ್ರೆಗಳನ್ನೋ ಎಂದಿನಂತೆ ತೆಗೆದುಕೊಂಡು ಊಟ ಬಿಟ್ಟರೆ, ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಬೆವರು, ನಡುಕ, ಎದೆಬಡಿತ, ತೊದಲು ಮಾತು, ಮಂಕು ಇದರ ಲಕ್ಷಣಗಳು. ಮಂಕನ್ನು ಧ್ಯಾನವೆಂದು ಮನೆಯವರು ಭ್ರಮಿಸಬಾರದು. ಎಚ್ಚರವಿದ್ದರೆ ಕೂಡಲೇ ಸಕ್ಕರೆಯ ನೀರು ಕೊಡಬೇಕು, ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಮದ್ದನ್ನು ತಾವಾಗಿಯೇ ನಿಲ್ಲಿಸುವುದೂ ಅಷ್ಟೇ ಅಪಾಯಕರ. ಗರ್ಭಿಣಿಯರು, ಮೊಲೆಯೂಡಿಸುವ ತಾಯಂದಿರು, ಮೂತ್ರಪಿಂಡದ ರೋಗ ಅಥವಾ ಕಲ್ಲು ಉಳ್ಳವರು, ಮೂತ್ರ ಹೆಚ್ಚಿಸುವ ರಕ್ತದೊತ್ತಡದ ಮಾತ್ರೆ ಸೇವಿಸುವ ವೃದ್ಧರು ವ್ರತಕ್ಕೆ ಮೊದಲೇ ವೈದ್ಯರನ್ನು ವಿಚಾರಿಸತಕ್ಕದ್ದು.

ಹಿರಿಯರು ಮಕ್ಕಳಿಂದ ರೋಗವನ್ನು ಮರೆಮಾಚಿ ಉಪವಾಸ ಹಿಡಿಯುವುದುಂಟು. ಅನಶನವೊಂದೇ ಬಾಹ್ಯ ತಪವಲ್ಲ. ಅವಮೌದರ್ಯವೂ ರಸಪರಿತ್ಯಾಗವೂ ತಪಸ್ಸಿನಲ್ಲಿಯೇ ಎಣಿಸಲ್ಪಟ್ಟಿವೆ. ಶರೀರವು ಸಹಿಸುವುದನ್ನು ಆರಿಸಿಕೊಂಡವನ ವ್ರತವು ಕಿರಿದೆಂದು ಯಾರೂ ತಿಳಿಯಬೇಕಾಗಿಲ್ಲ.

ಪಾರಣೆ

ನವಮಿಯಂದು ಕಾಯಿಸಿ ಸೋಸಿದ ನೀರನ್ನು ಮೊದಲು ನಿಧಾನವಾಗಿ ಕುಡಿದು, ಗಂಜಿ ಅಥವಾ ಹೆಸರುಬೇಳೆಯ ಕಟ್ಟಿನಂತಹ ಮೃದು ಆಹಾರವನ್ನು ಮಿತವಾಗಿ ಸೇವಿಸುವುದು ಲೇಸು. ದಶಲಕ್ಷಣ ಪರ್ವದಲ್ಲಿ ಅನೇಕ ದಿನ ಅನ್ನ ಬಿಟ್ಟವರಿಗಂತೂ ಇದು ಅತ್ಯವಶ್ಯ. ದೀರ್ಘ ಉಪವಾಸದ ನಂತರ ಒಮ್ಮೆಗೇ ಸಿಹಿಯನ್ನೂ ಅನ್ನವನ್ನೂ ಹೆಚ್ಚಾಗಿ ಉಂಡರೆ ಇನ್ಸುಲಿನ್ ಥಟ್ಟನೆ ಏರಿ, ರಕ್ತದಲ್ಲಿರುವ ರಂಜಕ, ಪೊಟ್ಯಾಸಿಯಂ ಮೊದಲಾದ ಲವಣಾಂಶಗಳು ಜೀವಕೋಶಗಳೊಳಗೆ ನುಗ್ಗುತ್ತವೆ. ರಕ್ತದಲ್ಲಿ ಅವು ಕುಸಿದಾಗ ಹೃದಯದ ಬಡಿತವೇ ತಪ್ಪಬಹುದು. ಪಾಯಸದಿಂದ ಪಾರಣೆ ಮಾಡಿಸುವ ಬಂಧುಗಳ ಪ್ರೀತಿ ಮೆಚ್ಚತಕ್ಕದ್ದೇ. ಆದರೆ ಅಂತಹ ವ್ರತಿಗೆ ಆ ಪಾಯಸವು ಕೆಲವು ದಿನ ಕಾದಿದ್ದು ಬರಲಿ.

ಅಭ್ಯಾಸದ ಪ್ರಶ್ನೆಗಳು

1. ಯಕೃತ್ತಿನ ಗ್ಲೈಕೋಜನ್ ಸುಮಾರು ಎಷ್ಟು ಹೊತ್ತಿಗೆ ಬರಿದಾಗುತ್ತದೆ? ಅನಂತರ ಮಿದುಳಿಗೆ ಆಹಾರವೆಲ್ಲಿಂದ?
2. ನೀರು ಕುಡಿಯದಿದ್ದರೂ ಮೂತ್ರವು ಪೂರ್ಣವಾಗಿ ನಿಲ್ಲದಿರಲು ಕಾರಣವೇನು?
3. ಉಪವಾಸದಲ್ಲಿರುವ ಮಧುಮೇಹಿಯಲ್ಲಿ ಯಾವ ಲಕ್ಷಣಗಳನ್ನು ಕಂಡಾಗ ಮನೆಯವರು ತಡಮಾಡಬಾರದು?
4. ತಮ್ಮ ಮನೆಯಲ್ಲಿ ವ್ರತ ಹಿಡಿಯುವವರ ಪೈಕಿ ದಿನವೂ ಔಷಧ ಸೇವಿಸುವವರು ಯಾರೆಂಬುದನ್ನು ಮುಂದಿನ ಅಷ್ಟಮಿಗೆ ಮೊದಲೇ ಕುಟುಂಬದವರು ಕೂಡಿ ವಿಚಾರಿಸುವುದು.