ತಾರಸಿಯಲ್ಲಿ ಅರ್ಧ, ಫೋನಿನಲ್ಲಿ ಅರ್ಧ

ವೈರಿಂಗ್ ಕೆಲಸದಲ್ಲಿ ಇಪ್ಪತ್ತು ವರ್ಷ ಪಳಗಿದವನನ್ನು ತಿಂಗಳುಗಟ್ಟಲೆ ತರಗತಿಯಲ್ಲಿ ಕೂರಿಸಲಾಗದು. ಕೇಂದ್ರ ಸರ್ಕಾರದ ‘ಸೂರ್ಯಮಿತ್ರ’ ತರಬೇತಿಯನ್ನು ರೂಪಿಸಿದ್ದು 600 ಗಂಟೆಗಳ ಲೆಕ್ಕದಲ್ಲಿ. ಐಟಿಐ ಮುಗಿಸಿ ಕೆಲಸ ಹುಡುಕುವ ಹುಡುಗರಿಗೆ ಅದು ಸರಿ. ನಮ್ಮ ತಿಪಟೂರು ಸೀಮೆಯ ವೈರ್‌ಮನ್‌ಗಾದರೆ ಕೂಲಿ ತಪ್ಪಿದ ದಿನ ಮನೆಯ ಲೆಕ್ಕ ತಪ್ಪುತ್ತದೆ. 2024ರ ಫೆಬ್ರುವರಿಯಲ್ಲಿ ಪಿಎಂ ಸೂರ್ಯ ಘರ್ ಯೋಜನೆ ಬಂತು. ಮೂರು ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ ಎಂದದ್ದೇ ತಡ, ಸೋಲಾರ್ ಕೇಳುವವರು ಹೆಚ್ಚಿದರು, ಕೂರಿಸಲು ಬಲ್ಲವರು ಸಾಲದಾದರು. ಸಂಜೆ ಫೋನಿನಲ್ಲಿ ಪಾಠ, ಭಾನುವಾರ ತಾರಸಿಯ ಮೇಲೆ ಕೆಲಸ ಎಂದು ನಾವು ಶುರು ಮಾಡಿದ್ದು ಆಗ.

ಇಂಥ ತರಬೇತಿಗಳಲ್ಲಿ ಮೊದಲು ವಿಡಿಯೊ, ಆಮೇಲೆ ಪ್ರಾಕ್ಟಿಕಲ್ ಎನ್ನುವುದು ವಾಡಿಕೆ. ಹಗಲೆಲ್ಲ ಗೋಡೆ ಕೊರೆದು ಬಂದವನು ಉಂಡು ವಿಡಿಯೊ ಹಚ್ಚಿದರೆ ಎರಡನೇ ನಿಮಿಷಕ್ಕೆ ಗೊರಕೆ. ಅದೇ ಮನುಷ್ಯ ಭಾನುವಾರ ಮೀಟರ್ ಹಿಡಿದು ಕಕ್ಕಾಬಿಕ್ಕಿಯಾದರೆ, ಆ ರಾತ್ರಿ ತಾನೇ ವಿಡಿಯೊ ಹುಡುಕಿ ಎರಡೆರಡು ಸಲ ನೋಡುತ್ತಾನೆ. ಹಾಗಾಗಿ ನಮ್ಮಲ್ಲಿ ತಾರಸಿ ಮೊದಲು, ಫೋನು ಆಮೇಲೆ.

“ಕರೆಂಟು ಕರೆಂಟೇ ಅಲ್ವಾ ಸಾರ್, ಇದರಲ್ಲೇನು ಹೊಸದು?” ಎಂದು ಒಬ್ಬ ಹಿರಿಯ ವೈರ್‌ಮನ್ ಮೊದಲ ದಿನವೇ ಕೇಳಿದ. ಸಲೀಸಾದ ಪ್ರಶ್ನೆಯಲ್ಲ ಅದು. ಮನೆಯ ಎಸಿ ಕರೆಂಟು ಸೆಕೆಂಡಿಗೆ ನೂರು ಸಲ ಸೊನ್ನೆಗಿಳಿಯುತ್ತದೆ, ಸ್ವಿಚ್ ತೆಗೆದಾಗ ಕಿಡಿ ಆರುವುದು ಅದರಿಂದಲೇ. ಪ್ಯಾನೆಲ್‌ನಿಂದ ಬರುವ ಡಿಸಿ ಸೊನ್ನೆಗಿಳಿಯುವುದೇ ಇಲ್ಲ. ಲೋಡ್ ಇರುವಾಗ ಕನೆಕ್ಟರ್ ಎಳೆದರೆ ಕಿಡಿ ಆರದೆ ಉರಿಯುತ್ತಲೇ ಇರುತ್ತದೆ. ಈಗಿನ ದೊಡ್ಡ ಪ್ಯಾನೆಲ್‌ಗಳನ್ನು ಆರರ ಸಾಲಾಗಿ ಜೋಡಿಸಿದರೆ ಸುಮಾರು 300 ವೋಲ್ಟ್. ಇಪ್ಪತ್ತು ವರ್ಷದ ಅಭ್ಯಾಸವೋ, ಮೇನ್ ಇಳಿಸಿದರೆ ಮುಗಿಯಿತು ಎನ್ನುತ್ತದೆ. ಬೆಳಕಿರುವ ತನಕ ಪ್ಯಾನೆಲ್‌ಗೆ ಮೇನೂ ಇಲ್ಲ, ಆಫೂ ಇಲ್ಲ. ಅಂದು ಮೋಡ ಕವಿದಿತ್ತು. “ಈಗ ಅಳೆದು ನೋಡಿ” ಎಂದೆ. ಬಿಸಿಲಿಲ್ಲ, ಕರೆಂಟು ತೀರಾ ಕಮ್ಮಿ, ಆದರೆ ವೋಲ್ಟೇಜ್ ಹೆಚ್ಚೂಕಡಿಮೆ ಪೂರ್ತಿ ಇತ್ತು. ಅವನು ಮೀಟರನ್ನೇ ಅನುಮಾನಿಸಿ ಇನ್ನೊಂದು ಮೀಟರ್ ತರಿಸಿದ. ಅದೂ ಅಷ್ಟೇ ತೋರಿಸಿತು. ಎಸಿ ಎಂಸಿಬಿಯನ್ನು ಡಿಸಿ ಕಡೆ ಯಾಕೆ ಹಾಕಬಾರದು ಎಂದು ಆಮೇಲೆ ಉಳಿದವರಿಗೆ ವಿವರಿಸಿದ್ದು ಅವನೇ.

ಕ್ರಿಂಪಿಂಗ್ ಕೂಡ ಕೈಯಿಂದಲೇ ಬರಬೇಕಾದ್ದು. ಇಕ್ಕಳದಲ್ಲಿ ಒತ್ತಿದ ಜೋಡಣೆ ನೋಡಲು ಗಟ್ಟಿಯಾಗಿಯೇ ಇರುತ್ತದೆ, ಬೇಸಿಗೆಯಲ್ಲಿ ಕಾದು ಕರಗಿದಾಗ ಬಣ್ಣ ಬಯಲು. ಸರಿಯಾದ ಟೂಲಿನಲ್ಲಿ ಒತ್ತಿ, ಜಗ್ಗಿ ನೋಡುವುದನ್ನು ಬೆರಳೇ ಕಲಿಯಬೇಕು. ಬೇರೆ ಬೇರೆ ಕಂಪನಿಯ ಗಂಡು-ಹೆಣ್ಣು ಕನೆಕ್ಟರ್‌ಗಳು ಒಂದರೊಳಗೊಂದು ಕೂತರೂ ಜೋಡಿ ಮಾಡಬಾರದೆಂಬುದೂ ಹಾಗೆಯೇ.

ಫೋನು ಗೆದ್ದದ್ದು ನೆರಳಿನ ವಿಷಯದಲ್ಲಿ. ನಮ್ಮದು ತೆಂಗಿನ ಸೀಮೆ. ಏಪ್ರಿಲ್‌ನಲ್ಲಿ ತಾರಸಿ ಪೂರ್ತಿ ಬಿಸಿಲು, ಡಿಸೆಂಬರಿಗೆ ಸೂರ್ಯ ದಕ್ಷಿಣಕ್ಕೆ ವಾಲಿದಾಗ ಗರಿಯ ನೆರಳು ಪ್ಯಾನೆಲ್ ಮೇಲೆ. ಆಗ ನಡುಮಧ್ಯಾಹ್ನವೂ ಮೂರಡಿ ಪ್ಯಾರಪೆಟ್ ಸುಮಾರು ಎರಡೂಕಾಲು ಅಡಿ ನೆರಳು ಚೆಲ್ಲುತ್ತದೆ. ಸೂರ್ಯನ ಹಾದಿ ತೋರಿಸುವ ಆ್ಯಪ್ ಹಿಡಿದು ಆಕಾಶಕ್ಕೆ ತಿರುಗಿಸಿದರೆ ಡಿಸೆಂಬರ್ ಕಣ್ಣೆದುರೇ ಇರುತ್ತದೆ. ಕಪ್ಪು ಹಲಗೆಯ ಮೇಲೆ ನಾನು ಎಷ್ಟು ಗೀಚಿದರೂ ಇದು ಆಗುತ್ತಿರಲಿಲ್ಲ.

ವಾಟ್ಸ್ಆ್ಯಪ್ ಗುಂಪಿನಿಂದ ಇನ್ನೊಂದು ಲಾಭ. ಸ್ವಂತ ಸೈಟಿನಿಂದ ಅವರು ಫೋಟೊ ಕಳಿಸತೊಡಗಿದರು. ಅರ್ಥಿಂಗ್ ಗುಂಡಿಯ ಫೋಟೊ ಎಷ್ಟು ಚೆಂದವಿದ್ದರೇನು, ಮೀಟರ್ ರೀಡಿಂಗ್ ಕಾಣದಿದ್ದರೆ ಬೆಲೆಯಿಲ್ಲ. ಇದನ್ನು ನಾನು ಹೇಳುವ ಮೊದಲೇ ಜೊತೆಗಾರರು ಕಾಲೆಳೆಯುತ್ತಿದ್ದರು. ಕಲಿತದ್ದು ಈ ಫೋಟೊಗಳಲ್ಲೇ ಕಾಣುವುದರಿಂದ, ಫೋನಿನ ಪಾಠದ ಕೊನೆಗೆ ನಡೆಸುವ ಆನ್‌ಲೈನ್ ಪರೀಕ್ಷೆಯ ಅಂಕಗಳನ್ನು ನಾನೀಗ ಅಷ್ಟಾಗಿ ನೋಡುವುದಿಲ್ಲ.

ಗಿರಾಕಿಯ ಜೊತೆ ಮಾತಾಡುವುದೂ ಕೆಲಸದ ಭಾಗವೇ. “ಕರೆಂಟ್ ಹೋದ್ರೆ ನಮ್ಮ ಸೋಲಾರೂ ಯಾಕಣ್ಣಾ ನಿಲ್ಲುತ್ತೆ?” ಎನ್ನುವ ಪ್ರಶ್ನೆ ಬ್ಯಾಟರಿ ಇಲ್ಲದ ಪ್ರತಿ ಮನೆಯಲ್ಲೂ ಬರುತ್ತದೆ. ಲೈನ್ ಸತ್ತಿದೆ ಎಂದು ಲೈನ್‌ಮನ್ ಕಂಬ ಹತ್ತಿರುವಾಗ ಮನೆಯಿಂದ ಕರೆಂಟು ವಾಪಸು ಹರಿದರೆ ಅವನ ಪ್ರಾಣಕ್ಕೇ ಸಂಚಕಾರ. ಅದಕ್ಕೇ ಇನ್ವರ್ಟರ್ ತಾನೇ ನಿಲ್ಲುತ್ತದೆ. ಈ ಉತ್ತರವನ್ನು ಒಬ್ಬೊಬ್ಬರೂ ತಮ್ಮ ಮಾತಿನಲ್ಲೇ ವಾಯ್ಸ್ ಮೆಸೇಜ್ ಮಾಡಿ ಕಳಿಸಬೇಕು. ಅಡುಗೆಮನೆಯಿಂದ ಹೆಂಡತಿ “ಅರ್ಥವಾಯ್ತು ಬಿಡಿ” ಎಂದದ್ದೂ ಒಂದರಲ್ಲಿ ದಾಖಲಾಗಿದೆ.

ಸೇಫ್ಟಿ ಬೆಲ್ಟ್‌ನ ಪಾಠ ಮಾತ್ರ ಫೋನಿನಲ್ಲೂ ನಿಲ್ಲಲಿಲ್ಲ, ತಾರಸಿಯಲ್ಲೂ ನಿಲ್ಲಲಿಲ್ಲ. ಫೋಟೊಗೆ ಬೆಲ್ಟ್ ಕಟ್ಟುತ್ತಾರೆ, ಕ್ಲಿಕ್ ಆದ ಮೇಲೆ ಬಿಚ್ಚುತ್ತಾರೆ. ಕೆಲಸ ನಿಧಾನವಾಗುತ್ತದೆ, ಗುತ್ತಿಗೆದಾರ ಬೈಯುತ್ತಾನೆ ಎನ್ನುವುದು ಅವರ ಕಾರಣ, ಸುಳ್ಳೂ ಅಲ್ಲ. ಅದಕ್ಕೆ ಈ ಸಲದ ತಂಡದಲ್ಲಿ ಗುತ್ತಿಗೆದಾರರನ್ನೂ ಸೇರಿಸಿದ್ದೇವೆ. ಸಿಮೆಂಟ್ ಶೀಟಿನ ಚಾವಣಿಯ ಪಾಠದ ದಿನ ಮೊದಲು ಹತ್ತಬೇಕಾದವರು ಅವರೇ.