ಮಗಳ ಎರಡು ಭಯಗಳು

ಹನ್ನೆರಡು ವರ್ಷದ ಮಗಳು ರಾತ್ರಿ ಮೂರು ಬಾರಿ ಏಳುತ್ತಾಳೆ. ಹಾಸಿಗೆಗೆ ಕಲೆಯಾಗಿದೆಯೇ ಎಂದು ಕತ್ತಲಲ್ಲೇ ತಡವಿ ನೋಡುತ್ತಾಳೆ. ಮರುದಿನ ಭಾನುವಾರ. "ನಾನು ಪೂಜೆಗೆ ಬರೋದಿಲ್ಲಮ್ಮ" ಎನ್ನುತ್ತಾಳೆ. ಏಕೆಂದು ಕೇಳಿದರೆ ತಲೆ ತಗ್ಗಿಸುತ್ತಾಳೆ.

ಪ್ರಿಯ ತಾಯಂದಿರೇ, ಈ ಮಗುವಿಗೆ ಎರಡು ಭಯಗಳಿವೆ: ಒಂದು ಕಲೆಯದು, ಇನ್ನೊಂದು ಮೈಲಿಗೆಯದು. ಎರಡನ್ನೂ ನೀವು ನೀಗಿಸಬಲ್ಲಿರಿ.

ಮೊದಲನೆಯದಕ್ಕೆ ಪರಿಹಾರ ಸುಲಭ. ರಾತ್ರಿಗೆಂದೇ ತಯಾರಿಸಿದ ಪ್ಯಾಡ್‌ಗಳು ಉದ್ದವಾಗಿದ್ದು, ಹಿಂಭಾಗದಲ್ಲಿ ಅಗಲವಾಗಿರುತ್ತವೆ. ಮಲಗಿದಾಗ ಸ್ರಾವ ಹಿಂದಕ್ಕೆ ಹರಿಯುವುದರಿಂದ ಈ ಅಗಲ ಬೇಕು. ಮಲಗುವ ಮುಂಚೆ ಹೊಸದನ್ನು ಹಾಕಿಕೊಂಡು, ಬೆಳಿಗ್ಗೆ ಎದ್ದ ಕೂಡಲೇ ಬದಲಿಸಬೇಕು. ಹಗಲಿನಲ್ಲಿ 4ರಿಂದ 6 ಗಂಟೆಗೊಮ್ಮೆ ಬದಲಿಸಬೇಕು. ಬಳಸಿದ್ದನ್ನು ಕಾಗದದಲ್ಲಿ ಸುತ್ತಿ ಕಸದ ಬುಟ್ಟಿಗೆ ಹಾಕಲಿ. ಶೌಚಾಲಯದ ಗುಂಡಿಗೆ ಬೇಡ. ಬಟ್ಟೆ ಬಳಸುವವರು ಸೋಪು ಹಾಕಿ ಒಗೆದು ಬಿಸಿಲಿನಲ್ಲೇ ಒಣಗಿಸಲಿ; ಮೂಲೆಯಲ್ಲಿ ಬಚ್ಚಿಟ್ಟು ಒಣಗಿಸುವುದು ಆರೋಗ್ಯಕ್ಕೆ ಒಳ್ಳೆಯದಲ್ಲ. ಗಂಟೆಗೊಂದು ಪ್ಯಾಡ್ ತೊಯ್ದುಹೋದರೆ, ಅಥವಾ ಸ್ರಾವ 7 ದಿನ ಮೀರಿದರೆ ನಾಚಿಕೆ ಬಿಟ್ಟು ವೈದ್ಯರಿಗೆ ತೋರಿಸಿ. ರಕ್ತಹೀನತೆ ಹೀಗೆಯೇ ಸದ್ದಿಲ್ಲದೆ ಬರುತ್ತದೆ.

ಎರಡನೆಯ ಭಯಕ್ಕೆ ಶುಭಸಂದೇಶವೇ ಮದ್ದು. ಯಾಜಕಕಾಂಡದ 15ನೇ ಅಧ್ಯಾಯದ ಕಟ್ಟಳೆಯಂತೆ ಮುಟ್ಟಾದವಳು ಏಳು ದಿನ ಅಶುದ್ಧಳು. ಅವಳನ್ನು ಮುಟ್ಟಿದವರೂ ಸಂಜೆಯವರೆಗೆ ಅಶುದ್ಧರು. ಆದರೆ ಮಾರ್ಕನ ಶುಭಸಂದೇಶದ 5ನೇ ಅಧ್ಯಾಯವನ್ನು ಓದಿ. ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿದ ಹೆಂಗಸು ಜನಜಂಗುಳಿಯಲ್ಲಿ ನುಸುಳಿ ಬಂದು ಯೇಸುವಿನ ಉಡುಪನ್ನು ಮುಟ್ಟಿದಳು. ಯೇಸು ಗದರಲಿಲ್ಲ, ಹಿಂದೆ ಸರಿಯಲೂ ಇಲ್ಲ. ಎಲ್ಲರ ಎದುರಿನಲ್ಲಿ ಅವಳನ್ನು ಮಗಳೆಂದು ಕರೆದು, ಸಮಾಧಾನದಿಂದ ಕಳುಹಿಸಿಕೊಟ್ಟರು.

590ರಿಂದ 604ರವರೆಗೆ ಪೋಪ್ ಆಗಿದ್ದ ಸಂತ ಮಹಾ ಗ್ರೆಗೊರಿಯವರು ಇದೇ ಹೆಂಗಸಿನ ಉದಾಹರಣೆ ಕೊಟ್ಟಿದ್ದಾರೆ. ಇಂಗ್ಲೆಂಡಿನಲ್ಲಿ ಧರ್ಮಪ್ರಚಾರ ಮಾಡುತ್ತಿದ್ದ ಕ್ಯಾಂಟರ್ಬರಿಯ ಸಂತ ಅಗಸ್ಟೀನರಿಗೆ ಉತ್ತರಿಸುತ್ತಾ, ಮುಟ್ಟಾದ ಸ್ತ್ರೀಯನ್ನು ದೇವಾಲಯದಿಂದ ತಡೆಯಬಾರದು, ಪರಮಪ್ರಸಾದ ಸ್ವೀಕರಿಸುವುದಕ್ಕೂ ಅಡ್ಡಿಪಡಿಸಬಾರದು ಎಂದು ತಿಳಿಸಿದರು. ಸಾವಿರದ ನಾನೂರು ವರ್ಷಗಳ ಹಿಂದೆಯೇ ಧರ್ಮಸಭೆಯಲ್ಲಿ ಕೇಳಿಬಂದ ಈ ಮಾತು ನಮ್ಮ ಮನೆಯ ಮಗಳಿಗೆ ಇನ್ನೂ ತಲುಪದಿದ್ದರೆ ತಪ್ಪು ಯಾರದು?

ತಂದೆಯಂದಿರಿಗೂ ಒಂದು ಮಾತು. ತಿಂಗಳ ಸಾಮಾನಿನ ಚೀಟಿಯಲ್ಲಿ ಅಕ್ಕಿ, ಎಣ್ಣೆಯ ಜೊತೆಗೆ ಪ್ಯಾಡ್ ಎಂದೂ ಬರೆಯಿರಿ. ಸರ್ಕಾರದ ಜನೌಷಧಿ ಕೇಂದ್ರಗಳಲ್ಲಿ 2019ರಲ್ಲಿ ಒಂದು ಪ್ಯಾಡಿನ ಬೆಲೆಯನ್ನು 1 ರೂಪಾಯಿಗೆ ಇಳಿಸಲಾಯಿತು. ಸಂಕೋಚವಿಲ್ಲದೆ ಕೊಂಡು ತನ್ನಿ.

ಈ ವಾರ ಮನೆಯಲ್ಲಿ: ಸಂಜೆಯ ಜಪಸರದ ನಂತರ ಮಾರ್ಕ 5: 25-34ನ್ನು ಎಲ್ಲರೂ ಕೂಡಿ ಓದಿರಿ. ಭಾನುವಾರ ಮಗಳನ್ನು ಪಕ್ಕದಲ್ಲೇ ಕರೆದುಕೊಂಡು ಬಲಿಪೂಜೆಗೆ ಬನ್ನಿ.