ರೊಕ್ಕ ಬಂತು, ಹೊಡೆತ ನಿಂತಿತೇ?

ಅಕ್ಕನ ಮನೆ ಕಲಬುರಗಿಯಲ್ಲಿ. ತಂಗಿಯ ಮನೆ ಕಮಲಾಪುರದಲ್ಲಿ. ತಂಗಿ ಕೆಂಪು ಬಾಳೆ ತೋಟದಲ್ಲಿ ಕೂಲಿ ಮಾಡುತ್ತಾಳೆ. ಒಂದು ದಿನ ಅವಳು ಬಸ್ಸು ಹತ್ತಿ ಅಕ್ಕನ ಮನೆಗೆ ಬಂದಳು. ಅವಳ ಕೈ ಬಾತಿತ್ತು.

“ಕೈಗೆ ಏನಾಗ್ಯಾದ ತಂಗಿ?”

“ಗೃಹಲಕ್ಷ್ಮಿ ರೊಕ್ಕ ಬಂದಿತ್ತು ಅಕ್ಕಾ. ನಮ್ಮ ಮನಿಯವ್ರು ಕುಡಿಯಾಕ ಕೇಳಿದ್ರು. ಮಗಳ ಸಾಲಿಗೆ ಬೇಕು, ಕೊಡಂಗಿಲ್ಲ ಅಂದೆ. ಹೊಡದ್ರು.”

“ಮೊದಲೂ ಹೊಡೀತಿದ್ರೇನು?”

“ಹೌದು. ಈಗ ಮನ್ಯಾಗ ಕಾಳು-ಕಡಿ ಅದ. ಸಾಲದ ಜಗಳ ಕಡಿಮಿ ಆಗ್ಯಾದ. ಆದ್ರ ರೊಕ್ಕ ಬಂದ ದಿನ ಜಗಳ ತಪ್ಪಂಗಿಲ್ಲ.”

ಗೃಹಲಕ್ಷ್ಮಿ ಯೋಜನೆ 2023ರ ಆಗಸ್ಟ್ 30ರಂದು ಶುರುವಾಯಿತು. ಮನೆಯ ಯಜಮಾನಿಯ ಖಾತೆಗೆ ತಿಂಗಳಿಗೆ 2000 ರೂಪಾಯಿಯಂತೆ ಹಣ ಬರುತ್ತದೆ. ಹೆಂಗಸಿನ ಕೈಗೆ ಹಣ ಬಂದರೆ ಮನೆಯ ಕೊರತೆ ನೀಗುತ್ತದೆ. ಅವಳ ಮಾತಿಗೆ ಬೆಲೆ ಬರುತ್ತದೆ. ಕೆಲವು ಮನೆಗಳಲ್ಲಿ ಅದೇ ಹಣಕ್ಕಾಗಿ ಹೊಡೆತವೂ ಬೀಳುತ್ತದೆ.

ಹಾಗಾದರೆ ಹಣದ ಜೊತೆಗೆ ಏನು ಬೇಕು? ಬಾಂಗ್ಲಾದೇಶದಲ್ಲಿ 2012ರಿಂದ 2014ರವರೆಗೆ ಹಳ್ಳಿಯ ಬಡ ತಾಯಂದಿರಿಗೆ ಹಣ ಅಥವಾ ಆಹಾರದ ನೆರವು ಕೊಟ್ಟರು. ಕೆಲವು ಊರುಗಳಲ್ಲಿ ವಾರಕ್ಕೊಮ್ಮೆ ತಾಯಂದಿರನ್ನು ಕೂಡಿಸಿ ಮಕ್ಕಳ ಆಹಾರದ ಬಗ್ಗೆ ಪಾಠವನ್ನೂ ಹೇಳಿದರು. ನೆರವು ನಿಂತ ಮೇಲೆ ವಿಚಾರಿಸಿ ನೋಡಿದರು. ಪಾಠಕ್ಕೆ ಕೂಡಿದ್ದ ಹೆಂಗಸರಿಗೆ ಬೀಳುವ ಹೊಡೆತ ಸುಮಾರು ನಾಲ್ಕನೇ ಒಂದು ಭಾಗ ಕಡಿಮೆಯಾಗಿತ್ತು. ಬರೀ ನೆರವು ಪಡೆದವರಲ್ಲಿ ಆ ಲಾಭ ಉಳಿಯಲಿಲ್ಲ. ಹಣದ ಜೊತೆ ತಿಳುವಳಿಕೆ ಬೇಕು. ನಾಲ್ಕು ಜನರ ಬೆಂಬಲ ಬೇಕು.

ಅಕ್ಕ ಸ್ತ್ರೀಶಕ್ತಿ ಗುಂಪಿನಲ್ಲಿದ್ದಾಳೆ. ಅವಳು ಹೇಳಿದಳು:

“ಇದಕ್ಕೊಂದು ಕಾಯ್ದೆ ಅದ ತಂಗಿ. ಹೊಡಿಯೋದು ತಪ್ಪು. ಬೈದು ಅವಮಾನ ಮಾಡೋದು ತಪ್ಪು. ನಿನ್ನ ರೊಕ್ಕ ಕಸಗೊಳ್ಳೋದೂ ತಪ್ಪು. ನಿನ್ನ ಮನಿಯಿಂದ ಹೊರಗ ಹಾಕಾಕ ಬರಂಗಿಲ್ಲ.”

ಅದು ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣಾ ಕಾಯ್ದೆ, 2005. ಅದು 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ರಕ್ಷಣಾಧಿಕಾರಿ. ಅವರ ಬಳಿ ದೂರು ಕೊಡಬಹುದು. ಹೊಡೆಯಬಾರದು ಎಂದು ಕೋರ್ಟು ಆದೇಶ ಮಾಡುತ್ತದೆ. ಆದೇಶ ಮೀರಿದರೆ ಒಂದು ವರ್ಷದವರೆಗೆ ಜೈಲು ಆಗಬಹುದು. ಹೆಂಗಸರಿಗೆ ವಕೀಲರ ನೆರವು ಉಚಿತ.

ಅಕ್ಕ ತಂಗಿಯನ್ನು ಕಲಬುರಗಿಯ ಸಖಿ ಕೇಂದ್ರಕ್ಕೆ ಕರೆದೊಯ್ದಳು. ಅಲ್ಲಿ ತಂಗಿ ಅರ್ಜಿಯನ್ನು ನಿಧಾನವಾಗಿ ಓದಿದಳು. ಹೆಬ್ಬೆಟ್ಟು ಒತ್ತಲಿಲ್ಲ. ತನ್ನ ಹೆಸರು ಬರೆದಳು.

ನೆನಪಿಡಿ

* ಪಾಸ್‌ಬುಕ್ ನಿಮ್ಮ ಬಳಿಯೇ ಇರಲಿ. ಎಟಿಎಂ ಗುಟ್ಟಿನ ಸಂಖ್ಯೆ ಯಾರಿಗೂ ಹೇಳಬೇಡಿ.
* ಜೀವಕ್ಕೆ ಅಪಾಯ ಕಂಡರೆ ಹಣಕ್ಕಾಗಿ ಹಟ ಬೇಡ. ಮೊದಲು ಮನೆಯಿಂದ ಹೊರಗೆ ಬನ್ನಿ. ಹಣಕ್ಕಿಂತ ಜೀವ ದೊಡ್ಡದು.
* ಮಹಿಳಾ ಸಹಾಯವಾಣಿ: 181. ಪೊಲೀಸರು: 112.

ಉತ್ತರ ಹೇಳಿ

1. ತಂಗಿಯ ಮನೆಯಲ್ಲಿ ಯಾವ ಜಗಳ ಕಡಿಮೆಯಾಯಿತು? ಯಾವುದು ಉಳಿಯಿತು?
2. ತಾಲ್ಲೂಕಿನಲ್ಲಿ ರಕ್ಷಣಾಧಿಕಾರಿ ಯಾರು?
3. ನಿಮ್ಮ ಓಣಿಯಲ್ಲಿ ಹೀಗಾದರೆ ನಿಮ್ಮ ಗುಂಪು ಏನು ಮಾಡಬಹುದು? ಕೂಡಿ ಮಾತಾಡಿ.

ಬಿಟ್ಟ ಜಾಗ ತುಂಬಿ

ಮಹಿಳಾ ಸಹಾಯವಾಣಿ ಸಂಖ್ಯೆ ______.
ಹಣಕ್ಕಿಂತ ______ ದೊಡ್ಡದು.